ದ್ವೀಪದಲ್ಲಿ ಏಳು ತಾಸು

ಜನವರಿ ೯

ಅಮ್ಮಾ,

ಈ ಕಾಗದವನ್ನು ಇಸ್ತ್ರಿ ಮೇಜಿನ ಮೇಲೇ ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿದ್ದರೆ ಬೈಯಬೇಡ. ಇವತ್ತು ಒಬ್ಬಳೇ ಮುನ್ನೂರು ಮೇಜುಬಟ್ಟೆ ಉಜ್ಜಿದ್ದೇನೆ. ಮೇಲಿನ ಅಂತಸ್ತಿನವರು ತಟ್ಟೆಗಿಂತ ಹೆಚ್ಚಾಗಿ ಬಟ್ಟೆಗೇ ಬಡಿಸುತ್ತಾರೋ ಏನೋ!

ಸುದ್ದಿ ಏನೆಂದರೆ ನಮ್ಮ ಹಡಗಿನ ದಾರಿ ಬದಲಾಗಿದೆ. ಫೆಬ್ರವರಿ ಇಪ್ಪತ್ತಮೂರಕ್ಕೆ ಒಂದು ದ್ವೀಪದಲ್ಲಿ ನಿಲ್ಲುತ್ತದೆ. ಒಂಬತ್ತೂವರೆಗೆ ಇಳಿಸುತ್ತಾರೆ, ನಾಲ್ಕೂವರೆಯೊಳಗೆ ವಾಪಸು ಹತ್ತಬೇಕು. ಅವತ್ತು ನನಗೆ ರಜಾ! ನಾಲ್ಕು ತಿಂಗಳಲ್ಲಿ ಮೊದಲನೆಯದು. ಪ್ರವಾಸಿಗರಿಗೆ ಬಸ್ಸಿದೆ, ಬಾವುಟ ಹಿಡಿದ ಗೈಡ್ ಇದ್ದಾನೆ. ನನಗೆ ಅವೆರಡೂ ಬೇಡ. ಏಳು ತಾಸು ಯಾರ ಮಾತೂ ಕೇಳದೆ, ನನ್ನ ಕಾಲು ಹೋದ ಕಡೆ ಹೋಗಬೇಕು.

ನೋಟೀಸು ಬೋರ್ಡಿನ ನಕ್ಷೆಯನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ, ದ್ವೀಪದ ಹೆಸರು ಅದರ ಮೇಲೇ ಇದೆ. ಮೊದಲು ಸಮುದ್ರದ ದಂಡೆಯಲ್ಲಿ ಮಲಗುವುದು, ಮಧ್ಯಾಹ್ನ ದೀಪಸ್ತಂಭದ ಗುಡ್ಡ ಹತ್ತುವುದು, ಇಳಿದು ಬರುವುದು. ಸರಿಯೇ? ದೋಣಿ ಕಂಡರೆ ಮಾರು ದೂರ ಓಡುವವಳನ್ನು ಕೇಳುತ್ತಿದ್ದೇನೆ ನೋಡು. ಆದರೂ ನಿನಗೆ ಹೇಳದಿದ್ದರೆ ನನಗೆ ಖುಷಿಯೂ ಖುಷಿ ಅನ್ನಿಸುವುದಿಲ್ಲ.

ಫೋನು ಈ ಕೆಳ ಅಂತಸ್ತಿನಲ್ಲಿ ಸತ್ತೇ ಬಿದ್ದಿರುತ್ತದೆ. ಮುಂದಿನ ಬಂದರಿನ ಕಚೇರಿಗೆ ಬರೆ, ಟಪಾಲು ಚೀಲದಲ್ಲಿ ತಲುಪುತ್ತದೆ.

ನಿನ್ನ ಬೆವತ ಮಗಳು

*

ಜನವರಿ ೨೫

ಮಗಳೇ,

ನಿನ್ನ ಕಾಗದ ಬಂದು ಆರು ದಿನವಾಯಿತು. ಶಾಲೆಯ ಸಮವಸ್ತ್ರದ ಹೊಲಿಗೆ ಮುಗಿಸಿ ಬರೆಯೋಣವೆಂದು ಕೂತೆ. ಒಂದೇ ಅಂಗಿಗೆ ಎರಡು ಎಡತೋಳು ಹಚ್ಚಿಬಿಟ್ಟೆ.

ನಿನ್ನ ಲೆಕ್ಕಾಚಾರ ಸರಿಯಿಲ್ಲ. ಮಧ್ಯಾಹ್ನ ಆ ಗುಡ್ಡ ಹತ್ತಿದರೆ ನೆತ್ತಿ ಕಾದ ಹೆಂಚಾಗುತ್ತದೆ. ಮೊದಲು ಗುಡ್ಡ, ಆಮೇಲೆ ನೀರು. ಬಂದರಿನ ಗೇಟು ದಾಟಿ ಬಲಕ್ಕೆ ತಿರುಗು. ಹಗ್ಗದ ಗೋದಾಮಿನ ಹಿಂದೆ ಕಲ್ಲಿನ ಮೆಟ್ಟಿಲಿದೆ. ಅರ್ಧಕ್ಕೆ ಒಂದು ನಲ್ಲಿ ಸಿಗುತ್ತದೆ, ಬಾಟಲಿ ಅಲ್ಲೇ ತುಂಬಿಕೋ. ಮೇಲಿನ ನಲ್ಲಿಯ ನೀರು ಉಪ್ಪು, ಬಾಯಿಗೆ ಹಾಕಬೇಡ. ಗುಡ್ಡದ ಏಣಿನ ಮೇಲೆ ಗಾಳಿ ಒಮ್ಮೆಗೇ ನುಗ್ಗುತ್ತದೆ, ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟು. ಆತುರವಿಲ್ಲದೆ ನಡೆದರೂ ಹನ್ನೊಂದೂಕಾಲಿಗೆ ದೀಪಸ್ತಂಭದ ಹತ್ತಿರ ಇರುತ್ತೀ. ಅಲ್ಲಿ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚು. ಆಮೇಲೆ ಪೂರ್ವದ ಕಾಲುದಾರಿಯಲ್ಲಿ ಇಳಿದರೆ ಪುಟ್ಟ ಕೊಲ್ಲಿ. ಮಂಡಿಯವರೆಗೆ ಇಳಿ, ಅದಕ್ಕಿಂತ ಮುಂದೆ ಹೋಗಬೇಡ, ಕೆಳಗೆ ಸೆಳೆತ ಇದೆ. ಎರಡಕ್ಕೆ ಎದ್ದುಬಿಡು. ಉಪ್ಪಿನ ಗದ್ದೆಗಳ ಪಕ್ಕದ ದಾರಿ ಸಮತಟ್ಟು, ಮೂರೂವರೆಗೆ ಗೇಟಿನಲ್ಲಿರುತ್ತೀ. ಒಂದು ತಾಸು ಕೈಯಲ್ಲಿರಲಿ. ಹಡಗು ಯಾರ ಅತ್ತೆಮನೆ ಬಂಡಿಯೂ ಅಲ್ಲ, ಕಾಯುವುದಿಲ್ಲ. ಹಡಗಿನ ಗಡಿಯಾರವನ್ನೇ ನಂಬು, ಊರಿನದ್ದನ್ನಲ್ಲ.

ಎಡಗಡೆ ಬೀದಿಗೆ ಮಾತ್ರ ಹೋಗಬೇಡ. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಬರೀ ಮನೆಗಳು.

ಅಮ್ಮ

*

ಫೆಬ್ರವರಿ ೫

ಅಮ್ಮಾ,

ನಿನ್ನ ಕಾಗದ ಓದಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತೆ. ಬಟ್ಟೆ ಕರಕಲಾಯಿತು, ಮೇಲ್ವಿಚಾರಕಿ ಅಷ್ಟೋತ್ತರ ಓದಿದಳು. ನನಗೆ ಒಂದೂ ಕೇಳಿಸಲಿಲ್ಲ.

ಮೆಟ್ಟಿಲ ಅರ್ಧದಲ್ಲಿ ನಲ್ಲಿ ಇದೆಯೆಂದು ನಿನಗೆ ಹೇಗೆ ಗೊತ್ತು? ಒಂದು ಸಿಹಿ, ಒಂದು ಉಪ್ಪು ಅಂತ ಯಾವ ನಕ್ಷೆಯಲ್ಲಿದೆ? ನಾನು ಹಡಗಿನ ಕೆಲಸಕ್ಕೆ ಸೇರುತ್ತೇನೆಂದಾಗ ಮೂರು ದಿನ ಅನ್ನ ಬಿಟ್ಟವಳು ನೀನು. ‘ಸಮುದ್ರ ಹೇಗಿರುತ್ತದೆಂದೇ ನನಗೆ ಗೊತ್ತಿಲ್ಲ, ಅದರ ಮೇಲೆ ಮಗಳನ್ನು ಹೇಗೆ ಕಳಿಸಲಿ’ ಅಂದಿದ್ದೆ. ಈಗ ಕೊಲ್ಲಿಯ ತಳದ ಸೆಳೆತ ಎಲ್ಲಿಂದ ಶುರುವಾಗುತ್ತದೆಂದು ಹೇಳುತ್ತಿದ್ದೀ!

ನೀನು ಅಲ್ಲಿಗೆ ಯಾವಾಗ ಹೋಗಿದ್ದೆ? ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಬಾಯಿ ತಪ್ಪಿ ಬರಲಿಲ್ಲವೇ?

ಮಗಳು

*

ಫೆಬ್ರವರಿ ೧೪

ಮಗಳೇ,

ಮದುವೆಗೆ ಮುಂಚೆ ಅಲ್ಲಿ ಒಂದೂವರೆ ವರ್ಷ ಮೀನು ಕಟ್ಟುವ ಶೆಡ್ಡಿನಲ್ಲಿ ಕೆಲಸ ಮಾಡಿದ್ದೆ. ಕೈಯೆಲ್ಲ ಮೀನಿನ ನಾತ. ಹೇಳಿಕೊಳ್ಳುವಂಥದ್ದೇನಿದೆ?

ಚಪ್ಪಲಿ ಬೇಡ, ಬೂಟು ಹಾಕಿಕೋ. ಅಲ್ಲಿ ಯಾರಾದರೂ ಕೇಳಿದರೆ ಯಾರ ಮಗಳೆಂದು ಹೇಳಬೇಡ. ಹಡಗಿನವಳು ಅನ್ನು, ಸಾಕು.

ಅಮ್ಮ

*

ಫೆಬ್ರವರಿ ೨೪

ಅಮ್ಮಾ,

ನಾನು ಬಲಕ್ಕೇ ತಿರುಗಿದೆ. ಮೊದಲು ಅದನ್ನು ನಂಬು.

ಹಗ್ಗದ ಗೋದಾಮು ಇತ್ತು, ಹಿಂದೆ ಮೆಟ್ಟಿಲೂ ಇತ್ತು. ಆದರೆ ಅಡ್ಡಲಾಗಿ ಕಬ್ಬಿಣದ ಸರಪಳಿ. ಕಾವಲುಗಾರ ಹೇಳಿದ, “ಮೇಲೆ ಕುಸಿದಿದೆಯಮ್ಮ. ಎಡಗಡೆ ಬೀದಿ ಹಿಡಿದು ಸುತ್ತಿ ಹೋಗಿ, ಅದೂ ದೀಪಸ್ತಂಭಕ್ಕೇ ಸೇರುತ್ತೆ.” ಒಂದು ನಿಮಿಷ ನಿಂತೆ. ಬರೀ ಮನೆಗಳು ಅಂದಿದ್ದೆಯಲ್ಲ, ಮನೆ ಕಚ್ಚುತ್ತವೆಯೇ ಎಂದುಕೊಂಡು ಹೋದೆ.

ಬೂಟು ಹಾಕಿರಲಿಲ್ಲ. ಬೀದಿಯ ನಡುವೆ ಚಪ್ಪಲಿಯ ಪಟ್ಟಿ ಕಿತ್ತಿತು. ಎದುರಿಗೇ ಚಪ್ಪಲಿ ರಿಪೇರಿ ಅಂಗಡಿ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು ಹಿಮ್ಮಡಿ ಬಡಿಯುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಲ್ಲಿದ್ದ ಮೊಳೆಗಳೆಲ್ಲ ಒಂದೊಂದಾಗಿ ಮಡಿಲಿಗೆ ಉದುರಿದವು.

“ಯಾರಮ್ಮಾ ನೀನು?”

“ಹಡಗಿನವಳು. ಪಟ್ಟಿ ಕಿತ್ತುಹೋಯ್ತು.”

“ಅದಲ್ಲ. ಯಾರ ಮಗಳು?”

ನೀನು ಹೇಳಿಕೊಟ್ಟ ಮಾತೇ ಬಂತು. “ಹಡಗಿನವಳು ಅಷ್ಟೇ. ನಮ್ಮೂರು ದೂರ.”

ಅವಳು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನನ್ನನ್ನು ಬೀದಿಯ ಮೂಲೆಗೆ ಕರೆದೊಯ್ದಳು. ಅಲ್ಲಿ ಎದೆಮಟ್ಟದ ಒಂದು ಕಲ್ಲು. ಕೆಲಸಕ್ಕೆ ಹೋಗುವವರ ದೋಣಿ ಮಗುಚಿ ಸತ್ತವರ ಹೆಸರು, ಹನ್ನೊಂದು. “ಏಳನೇದು ಓದು,” ಅಂದಳು.

ಓದಿದೆ. ನಿನ್ನ ಹೆಸರು. ನಿನ್ನ ತವರಿನ ಮನೆತನದ ಹೆಸರಿನ ಸಮೇತ.

ಅಮ್ಮಾ, ನಿಂತ ನೆಲ ಜಾರುತ್ತದೆ ಅನ್ನುತ್ತಾರಲ್ಲ, ಅದು ಬರೀ ಮಾತೆಂದುಕೊಂಡಿದ್ದೆ. ಹಡಗಿನಲ್ಲಿ ನಾಲ್ಕು ತಿಂಗಳು ತೂಗಾಡದ ತಲೆ ಆ ಗಟ್ಟಿ ನೆಲದ ಮೇಲೆ ತೂಗಾಡಿತು. ಕಲ್ಲನ್ನೇ ಹಿಡಿದುಕೊಂಡೆ. ನಿನ್ನ ಹೆಸರಿನ ಮೇಲೇ ಕೈ ಬಿದ್ದಿತ್ತು.

“ಅದೇ ಹಣೆ, ಅದೇ ತುಟಿ,” ಅಂದಳು ಅವಳು. “ಸತ್ತೋಳೇ ಎದ್ದು ಬಂದ್ಲು ಅಂದ್ಕೊಂಡೆ. ಆಗ ನನಗೆ ಹನ್ನೆರಡು. ನಮ್ಮ ಅಕ್ಕನ ಜೀವದ ಗೆಳತಿ ಇವಳು. ಇವಳ ಅಣ್ಣ ಶೆಡ್ಡಿನ ಮೇಸ್ತ್ರಿ. ಸಾಯೋವರೆಗೂ ಪ್ರತಿ ಭಾನುವಾರ ಬಂದು ಈ ಒಂದು ಹೆಸರನ್ನ ಒರೆಸಿ ಹೋಗ್ತಿದ್ದ. ಅವನು ಹೋಗಿ ಹನ್ನೊಂದು ವರ್ಷ ಆಯ್ತು.”

ನಿನಗೆ ಅಣ್ಣ ಇದ್ದನೇ? ‘ನನಗೆ ಹಿಂದೆ ಮುಂದೆ ಯಾರೂ ಇಲ್ಲ’ ಅಂತಲ್ಲವೇ ನೀನು ಹೇಳುತ್ತಿದ್ದದ್ದು?

“ನಿಮ್ಮಕ್ಕನ ಹೆಸರೂ ಇದರಲ್ಲಿದೆಯಾ?” ಅಂತ ಕೇಳಿದೆ.

ಅವಳ ಮುಖ ಗಂಟಿಕ್ಕಿತು. “ಇದ್ದಿದ್ರೆ ನಮ್ಮಮ್ಮ ತಲೆ ಎತ್ತಿ ಓಡಾಡ್ತಿದ್ಲು. ನಮ್ಮ ಗುಬ್ಬಿ ಅಕ್ಕ ಸಾಯ್ಲಿಲ್ಲ, ಓಡಿಹೋದ್ಲು. ಅದೇ ದಿನ. ಊರೆಲ್ಲ ನೀರಲ್ಲಿ ಹೆಣ ಹುಡುಕ್ತಿದ್ರೆ ಇವಳು ಐಸ್ ಕಾರ್ಖಾನೆ ಮೆಕ್ಯಾನಿಕ್ ಜೊತೆ ಹೋಗಿದ್ಲು. ಹುಬ್ಬಿನ ಮೇಲೆ ಸುಟ್ಟ ಗಾಯ ಇತ್ತು ಅವನಿಗೆ. ಊರ ಬಾಯಿಗೆ ಬಾಗಿಲೇ ಇಲ್ಲವಲ್ಲಮ್ಮ. ನಮ್ಮಮ್ಮ ಇವತ್ತಿಗೂ ಮುಂಬಾಗಿಲಿಂದ ಆಚೆ ಬರಲ್ಲ, ಹಿತ್ತಲಿಂದಲೇ ಓಡಾಟ.”

ಅಪ್ಪನ ಹುಬ್ಬಿನ ಗಾಯಕ್ಕೆ ನಾನು ಚಿಕ್ಕವಳಿದ್ದಾಗ ಬೆರಳಿಟ್ಟು ಆಡುತ್ತಿದ್ದೆ. ಬದುಕಿರುವವರೆಗೂ ಬಾಯ್ಲರ್ ಸಿಡಿದದ್ದು ಅನ್ನುತ್ತಿದ್ದ. ಯಾವ ಊರಿನ ಬಾಯ್ಲರ್ ಎಂದು ನಾನು ಕೇಳಿರಲೇ ಇಲ್ಲ.

ಅವಳಿಗೆ ನಾನೇನೂ ಹೇಳಲಿಲ್ಲ. ಅವಳು ಚಪ್ಪಲಿ ಹೊಲಿದುಕೊಟ್ಟಳು, ನೀರು ಕೊಟ್ಟಳು, “ಹೆದರಿಸಿಬಿಟ್ಟೆನಾ ಮಗಾ?” ಅಂತ ಬೆನ್ನು ಸವರಿದಳು. ಹನ್ನೆರಡಕ್ಕೆಲ್ಲ ಹಡಗಿಗೆ ವಾಪಸು ಬಂದೆ. ದೀಪಸ್ತಂಭ ನೋಡಲಿಲ್ಲ.

ಒಂದೇ ಪ್ರಶ್ನೆ. ಕಲ್ಲಿನ ಮೇಲೆ ಹನ್ನೊಂದು ಹೆಸರು. ದೋಣಿ ಹತ್ತಿದ್ದೂ ಹನ್ನೊಂದೇ ಜನ, ದಡದಲ್ಲಿ ಎಣಿಸಿದವರಿದ್ದಾರಂತೆ. ನೀನು ಬದುಕಿದ್ದೀ. ಹಾಗಾದರೆ ನಿನ್ನ ಜಾಗದಲ್ಲಿ ಕೂತಿದ್ದವರು ಯಾರು?

ಮಗಳು

*

ಮಾರ್ಚ್ ೧೨

ಅಮ್ಮಾ,

ಟಪಾಲು ಚೀಲ ಎರಡು ಸಲ ಬಂತು. ನಿನ್ನದು ಇರಲಿಲ್ಲ. ನಿನ್ನೆ ಬಂದರಿನಿಂದ ಫೋನ್ ಮಾಡಿದೆ, ನೀನು “ಹಲೋ” ಅಂದೆ, ನಾನೇ ಇಟ್ಟುಬಿಟ್ಟೆ. ಧ್ವನಿ ಕೇಳಿದರೆ ಕರಗಿಹೋಗುತ್ತೇನೆ. ಬರೆ. ಸುಳ್ಳಾದರೆ ಬರೆಯಬೇಡ.

ಮಗಳು

*

ಮಾರ್ಚ್ ೨೧

ಮಗಳೇ,

ಗುಬ್ಬಿ. ನನ್ನ ಜಾಗದಲ್ಲಿ ಕೂತಿದ್ದವಳು ಗುಬ್ಬಿ.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು ಅಣ್ಣ. ಪ್ರೀತಿಗೂ ಅವನೇ, ಹೊಡೆತಕ್ಕೂ ಅವನೇ. ದೋಣಿಯ ಮಾಲೀಕನೊಬ್ಬನಿಗೆ ನನ್ನನ್ನು ಕೊಡಲು ಮಾತಾಡಿದ್ದ. ನಾನು ನಿನ್ನಪ್ಪನ ಜೊತೆ ಹೊರಟುಹೋಗಲು ತೀರ್ಮಾನ ಮಾಡಿದ್ದೆ. ಟಪಾಲು ದೋಣಿ ಬೆಳಿಗ್ಗೆ ಎಂಟಕ್ಕೆ. ಆದರೆ ಏಳಕ್ಕೇ ಕೆಲಸದ ದೋಣಿಯಲ್ಲಿ ನಾನಿಲ್ಲವೆಂದು ಗೊತ್ತಾದರೆ ಅಣ್ಣ ದಡದಲ್ಲೇ ಹಿಡಿಯುತ್ತಿದ್ದ. ಶೆಡ್ಡು ಆಚೆಯ ನಡುಗಡ್ಡೆಯಲ್ಲಿತ್ತು. ಹಾಜರಿ ಅಂದರೆ ಹಿತ್ತಾಳೆಯ ಬಿಲ್ಲೆ. ಹತ್ತುವಾಗ ಬಿಲ್ಲೆ ತೋರಿಸಿದರೆ ಆಯಿತು, ಮುಖ ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಗಾಳಿಗೆ ತಲೆ ಮುಚ್ಚಿಕೊಂಡಿರುತ್ತಿದ್ದರು.

ಗುಬ್ಬಿಗೆ ಅವತ್ತು ರಜಾ. ನಾನೇ ಕೇಳಿದೆ. “ನನ್ನ ಬಿಲ್ಲೆ ಹಿಡ್ಕೊಂಡು ಇವತ್ತೊಂದಿನ ನಾನಾಗ್ತೀಯಾ?” ಅವಳು ನಕ್ಕುಬಿಟ್ಟಳು. “ನಿನ್ನಷ್ಟು ಸೋಮಾರಿ ಆಗೋದು ಕಷ್ಟ, ಪ್ರಯತ್ನ ಮಾಡ್ತೀನಿ,” ಅಂದಳು. ನನ್ನ ತಲೆಬಟ್ಟೆಯನ್ನು ನಾನೇ ಅವಳಿಗೆ ಕಟ್ಟಿದೆ.

ದೋಣಿ ಮಗುಚಿದ ಸುದ್ದಿ ದಡಕ್ಕೆ ಬರುವ ಮೊದಲೇ ನಾವು ಹೊರಟಾಗಿತ್ತು. ನಾಲ್ಕು ದಿನದ ಮೇಲೆ, ಮದುವೆಯ ಮರುದಿನ, ಪೇಪರಿನಲ್ಲಿ ನನ್ನ ಹೆಸರು ಓದಿದೆ. ಏಳು ಹೆಣ ಸಿಕ್ಕಿದ್ದವು, ನಾಲ್ಕು ಸಿಕ್ಕಿರಲಿಲ್ಲ. ಸಿಗದವರಲ್ಲಿ ನಾನೂ ಒಬ್ಬಳು. ಬಿಲ್ಲೆಯ ಪಟ್ಟಿ ನೋಡಿ ಹೆಸರು ಬರೆದಿದ್ದರು. ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಓಡಿ ಬಂದರು. ನಿನ್ನಪ್ಪ, “ಹೋಗಿ ಹೇಳಿಬಿಡೋಣ” ಅಂದ. ನಾನೇ ಬೇಡವೆಂದೆ. ಅವನನ್ನು ದೂರಬೇಡ. ಅಣ್ಣ ಕೊಲ್ಲುತ್ತಾನೆಂಬ ಭಯ. ಆಮೇಲೆ ಗುಬ್ಬಿಯ ಅಮ್ಮನ ಮುಖ ನೋಡುವ ಭಯ. ಆಮೇಲೆ ನೀನು ಹೊಟ್ಟೆಯಲ್ಲಿದ್ದೆ. ಸತ್ತವಳು ಕಾಗದ ಬರೆಯುವುದು ಹೇಗೆ? ಒಂದು ವರ್ಷ ಬಿಟ್ಟರೆ ಎರಡನೆಯದು ಇನ್ನೂ ಭಾರ. ಹೀಗೆ ಇಪ್ಪತ್ತೊಂಬತ್ತು.

ಆದರೆ ಒಂದು ಮಾತು ನನಗೆ ನಿಜಕ್ಕೂ ತಿಳಿದಿರಲಿಲ್ಲ. ಗುಬ್ಬಿ ಓಡಿಹೋದಳೆಂದು ಊರು ಆಡಿಕೊಂಡಿತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವಳೂ ಕಾಣೆಯಾದಳಲ್ಲ, ನೀರಿಗೇ ಹೋದಳೆಂದು ಹೇಗೋ ಗೊತ್ತಾಗಿ ಅತ್ತಿರುತ್ತಾರೆ ಎಂದುಕೊಂಡಿದ್ದೆ. ನಿನ್ನ ಕಾಗದದ ಆ ಸಾಲು ಓದಿ ಹೊಲಿಗೆ ಯಂತ್ರದ ಮುಂದಿಂದ ಏಳಲು ನನಗೆ ಆಗಲಿಲ್ಲ. ಗಿರಾಕಿ ಬಂದು ನೀರು ಚಿಮುಕಿಸಿದಳು. ಮಾಡಿದವಳು ನಾನು. ಕೆಟ್ಟ ಹೆಸರು ಅವಳಿಗೆ ಬಂತು. ಸತ್ತವಳು ಅವಳು. ಕಲ್ಲು ನನಗೆ ಬಂತು.

ಅಣ್ಣ ಕಲ್ಲು ಒರೆಸುತ್ತಿದ್ದನೇ?

ಅಮ್ಮ

*

ಏಪ್ರಿಲ್ ೨

ಅಮ್ಮಾ,

ಓದಿದೆ. ಮೂರು ಸಲ ಓದಿದೆ. ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಬಟ್ಟೆ ಉಜ್ಜುತ್ತಾ ಉಜ್ಜುತ್ತಾ ಒಮ್ಮೆಲೇ ಕೈ ನಿಲ್ಲುತ್ತದೆ. ನಾನು ಹುಟ್ಟುವುದಕ್ಕೆ ಮೊದಲೇ ನನಗಾಗಿ ಒಬ್ಬಳು ಮುಳುಗಿದಳಲ್ಲ ಅನ್ನಿಸುತ್ತದೆ.

ಆ ಚಪ್ಪಲಿ ಹೊಲಿಯುವ ಹೆಂಗಸು ನನ್ನ ಬೆನ್ನು ಸವರಿದಳು. ನಾನು ಅವಳಿಗೆ ಸುಳ್ಳು ಹೇಳಿ ಬಂದೆ. ಒಂದು ಬೆಳಗಿನ ಸುಳ್ಳೇ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನೀನು ಇಷ್ಟು ವರ್ಷ ಹೇಗೆ ನುಂಗಿದೆಯೋ.

ಮೇ ಹನ್ನೊಂದಕ್ಕೆ ಹಡಗು ಮತ್ತೆ ಅಲ್ಲೇ ನಿಲ್ಲುತ್ತದೆ. ನಾನು ಆ ಅಂಗಡಿಗೆ ಹೋಗುತ್ತೇನೆ. ಅಷ್ಟರೊಳಗೆ ನೀನು ಹೇಳಿರದಿದ್ದರೆ ನಾನು ಹೇಳುತ್ತೇನೆ. ಬೆದರಿಕೆ ಅಲ್ಲ ಅಮ್ಮಾ. ಗುಬ್ಬಿಯ ಅಮ್ಮನಿಗೆ ಎಪ್ಪತ್ತಾರಂತೆ.

ಮಗಳು

*

ಏಪ್ರಿಲ್ ೨೬

ದ್ವೀಪದಿಂದ

ಮಗಳೇ,

ಬಂದೆ. ದೋಣಿಯಲ್ಲಿ ಮೂರು ತಾಸು ಕಣ್ಣು ಮುಚ್ಚಿಕೊಂಡೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ನನಗೆ ವಾಂತಿಯೆಂದುಕೊಂಡು ನಿಂಬೆಹಣ್ಣು ಕೊಟ್ಟ.

ಅಂಗಡಿಗೆ ಹೋಗಿ ನಿಂತಾಗ ಗುಬ್ಬಿಯ ತಂಗಿ ಎದ್ದು ಬಂದಳು. ನನ್ನ ಮುಖ ಮುಟ್ಟಿದಳು. ಬಿಸಿಯಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಆಮೇಲೆ “ಅಯ್ಯೋ” ಎಂದು ಕೂತುಬಿಟ್ಟಳು. ನಾನು ಹೇಳಿದೆ. ಬಿಲ್ಲೆ, ತಲೆಬಟ್ಟೆ, ಟಪಾಲು ದೋಣಿ, ಎಲ್ಲ. ಅವಳು ಕೈಯಲ್ಲಿದ್ದ ಸುತ್ತಿಗೆಯನ್ನು ಬಿಗಿಯಾಗಿ ಹಿಡಿದಿದ್ದಳು. ಹೊಡೆಯಲಿ ಎಂದೇ ನಾನು ಕಾದೆ. ಹೊಡೆಯಲಿಲ್ಲ. “ನನ್ನ ಮದುವೆ ಎರಡು ಸಲ ತಪ್ಪಿತು, ಗೊತ್ತಾ?” ಅಂದಳು. “ಓಡಿಹೋದವಳ ತಂಗಿ ಅಂತ.” ಅಷ್ಟೇ ಅಂದು ನನ್ನನ್ನು ಹಿತ್ತಲಿನಿಂದ ಮನೆಯೊಳಗೆ ಕರೆದುಕೊಂಡು ಹೋದಳು.

ದೊಡ್ಡಮ್ಮ ಕಿಟಕಿಯ ಪಕ್ಕ ಕಾಳು ಆರಿಸುತ್ತಿದ್ದಳು. ಗುಬ್ಬಿಯ ಅಮ್ಮನನ್ನು ನಾನು ಆಗ ಕರೆಯುತ್ತಿದ್ದದ್ದು ಹಾಗೆಯೇ. ಕಣ್ಣು ಮಂಜಾಗಿದೆ, ಕಿವಿ ಚುರುಕು. ಕಾಲ ಹತ್ತಿರ ಕೂತು ಮೊದಲಿನಿಂದ ಹೇಳಿದೆ. ಅವಳ ಕೈ ಮೊರದಲ್ಲಿ ಆಡುತ್ತಲೇ ಇತ್ತು. ಕಲ್ಲು ಎತ್ತಿ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಳು. ಹೇಳಿ ಮುಗಿಸಿದ ಮೇಲೂ ಹಾಕುತ್ತಿದ್ದಳು. ಕೇಳಿಸಿತೋ ಇಲ್ಲವೋ ಎಂದು ತಂಗಿ ಹತ್ತಿರ ಬಂದಳು.

ಆಗ ದೊಡ್ಡಮ್ಮ ಕೇಳಿದಳು: “ಅವತ್ತು ಅವಳು ಏನಾದ್ರೂ ತಿಂದಿದ್ಲಾ?”

ನಾನು ಏನೇನೋ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡಿದ್ದೆ ಮಗಳೇ. ಇದಕ್ಕಲ್ಲ.

“ನನ್ ಜೊತೆ ಜಗಳ ಮಾಡ್ಕೊಂಡು ಖಾಲಿ ಹೊಟ್ಟೇಲಿ ಹೋಗಿದ್ಲು,” ಅಂದಳು. “ಓಡಿಹೋದ್ಲು ಅಂದ್ರು. ಇದ್ದಲ್ಲಿ ಉಂಡ್ಕೊಂಡು ಇರ್ತಾಳೆ ಬಿಡು ಅಂದ್ಕೊಂಡೆ. ಬೈದೆ. ಶಾಪ ಹಾಕಿದೆ. ಹಾಳಾಗಿ ಹೋಗು ಅಂದೆ.”

“ತಿಂದಿದ್ಲು ದೊಡ್ಡಮ್ಮ. ದಡದಲ್ಲಿ ಕೂತು ನನ್ನ ಬುತ್ತೀನ ಪೂರ್ತಿ ತಿಂದ್ಲು. ನನಗೆ ಗಾಬರಿಯಲ್ಲಿ ಇಳೀತಿರಲಿಲ್ಲ, ‘ಹಾಗಾದ್ರೆ ನಿನ್ನ ಪಾಲೂ ಇಲ್ಲಿ ಕೊಡು’ ಅಂದ್ಲು.” ಅದು ನಿಜ. ಒಂದಕ್ಷರವೂ ಸೇರಿಸಿಲ್ಲ.

ದೊಡ್ಡಮ್ಮನ ಗಂಟಲಿಂದ ಒಂದು ಸದ್ದು ಬಂತು. ಅದನ್ನು ಬರೆಯಲು ನನಗೆ ಬರುವುದಿಲ್ಲ. ಆಮೇಲೆ, “ನೀನು ಈಗ ಹೋಗು. ನಾನು ಅಳಬೇಕು. ನಿನ್ನೆದುರು ಅಳಲ್ಲ,” ಅಂದಳು.

ಬಂದರಿನ ಹತ್ತಿರದ ವಸತಿಗೃಹದಲ್ಲಿ ಉಳಿದೆ. ಮರುದಿನದ ದೋಣಿಗೆ ಹೊರಡುವುದೆಂದುಕೊಂಡಿದ್ದೆ. ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ತಂಗಿ, ಹಿಂದೆ ದೊಡ್ಡಮ್ಮ, ಕೋಲು ಹಿಡಿದು ನಿಂತಿದ್ದಾಳೆ. ಮುಂಬಾಗಿಲಿನಿಂದಲೇ ಬಂದಳಂತೆ.

“ನಡಿ,” ಅಂದಳು.

ಎಡಗಡೆ ಬೀದಿಯ ಮೊದಲ ಮನೆಯ ಬಾಗಿಲನ್ನು ಕೋಲಿನಿಂದ ಬಡಿದಳು. ಬೇಕರಿಯವನ ಹೆಂಡತಿ ತೆರೆದಳು, ಹಿಟ್ಟಿನ ಕೈ. ಗುಬ್ಬಿಯ ಅಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದು ನೋಡಿಯೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ದೊಡ್ಡಮ್ಮ ಅಂದಳು, “ನನ್ನ ಮಗಳು ಓಡಿಹೋಗಿರಲಿಲ್ಲ. ಅವತ್ತು ದೋಣಿಯಲ್ಲಿ ಸತ್ತಳು.” ಆಮೇಲೆ ನನ್ನ ಕಡೆ ತಿರುಗಿದಳು.

ಏನು ಮಾಡಬೇಕೆಂದು ನನಗೆ ಅರ್ಥವಾಯಿತು. “ಹೌದು,” ಅಂದೆ. “ಓಡಿಹೋದವಳು ನಾನು. ನನ್ನ ಬದಲು ಅವಳನ್ನು ನಾನೇ ಕಳಿಸಿದ್ದೆ.”

ಆ ಹೆಂಗಸು ಹಿಟ್ಟಿನ ಕೈಯನ್ನು ಬಾಯಿಗೆ ಮುಚ್ಚಿಕೊಂಡಳು. ದೊಡ್ಡಮ್ಮ ಅವಳ ಮಾತಿಗೆ ಕಾಯಲಿಲ್ಲ. ಮುಂದಿನ ಮನೆ.

ಕೆಲವರು ಅತ್ತರು. ಒಬ್ಬ ಮುದುಕ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡ, ದೊಡ್ಡಮ್ಮ ಮತ್ತೆ ಬಡಿದು ತೆರೆಸಿದಳು. ಒಬ್ಬಳು ನನ್ನ ಕಾಲ ಬಳಿ ಉಗಿದಳು. ಮೂರನೆಯ ಮನೆಯಲ್ಲಿ ನನ್ನ ಧ್ವನಿ ತಗ್ಗಿತು, ದೊಡ್ಡಮ್ಮ “ಗಟ್ಟಿಯಾಗಿ ಹೇಳು, ಅವರಿಗೆ ಕಿವಿ ಮಂದ” ಅಂದಳು. ನಾಲ್ಕು ಮನೆಗೊಮ್ಮೆ ಜಗಲಿಯ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಎಬ್ಬಿಸಲು ನಾನು ಕೈ ಚಾಚಿದರೆ ಹಿಡಿಯುವುದಿಲ್ಲ, ಕೋಲೂರಿ ತಾನೇ ಏಳುತ್ತಾಳೆ. ನನ್ನ ಜೊತೆ ಬೇರೆ ಮಾತಿಲ್ಲ. ಕ್ಷಮೆಯ ಮಾತು ಬರಲಿಲ್ಲ, ಬರುತ್ತದೆಂದು ನಾನು ಕಾಯುತ್ತಲೂ ಇಲ್ಲ.

ಇವತ್ತಿಗೆ ಇಪ್ಪತ್ತೇಳು ಮನೆ ಆಯಿತು. ಇನ್ನೂ ಹದಿನಾಲ್ಕು ಇವೆ. ಬಿಸಿಲೇರಿದ್ದಕ್ಕೆ ನಿಲ್ಲಿಸಿದಳು. ತನ್ನ ಮನೆಯ ಮುಂಬಾಗಿಲಿನ ಮೆಟ್ಟಿಲ ಮೇಲೆ, ಬೀದಿಗೆ ಮುಖ ಮಾಡಿ ಕೂತು, ಹೋಗುವವರನ್ನೆಲ್ಲ ನೋಡುತ್ತಿದ್ದಳು. ನನಗೆ, “ನಾಳೆ ಏಳಕ್ಕೆ ಬಾ, ತಡ ಮಾಡಬೇಡ” ಅಂದಿದ್ದಾಳೆ.

ಹೋಗುತ್ತೇನೆ.

ನಿನ್ನ ಅಮ್ಮ